ಬುರುಲ್ ಅಪಾ ಜೋಡಿಸಿದ ಕಂಪ್ಯೂಟರ್

ಬಾಗಿಲಿನ ಹೊರಗೆ ಮೂವರು.

ಒಳಗೆ ಇಬ್ಬರು. ನಾನು, ಮತ್ತು ಅರವತ್ತೆಂಟು ವರ್ಷದ ಬುರುಲ್ ಅಪಾ. ಅಪಾ ಅಂದರೆ ನಮ್ಮ ಮಾತಿನಲ್ಲಿ ಅಮ್ಮ. ನಮ್ಮ ನಡುವೆ ನೆಲದ ಮೇಲೆ ಒಂದು ಕಂಪ್ಯೂಟರ್. ಫ್ಯಾನ್ ತಿರುಗುತ್ತಿತ್ತು. ಪರದೆ ಮಾತ್ರ ಕಪ್ಪು.

"ಬಾಗಿಲು ಒಡೀತಾರೆ ಮಂಬೆತ್," ಅಂದರು ಅಪಾ. ಹೆದರಿಕೆಯ ದನಿಯಲ್ಲ. ಬಾಗಿಲು ಹಾಳಾಗುತ್ತದಲ್ಲ ಎಂಬ ಬೇಸರ.

ನನ್ನ ಎಡ ಪಕ್ಕೆಲುಬು ಮುರಿದಿತ್ತು. ಉಸಿರು ಎಳೆದರೆ ಒಳಗೆ ಯಾರೋ ಕೊಂಡಿ ಹಾಕಿ ಜಗ್ಗಿದಂತೆ. ಕೈಯಲ್ಲಿ ಒಂದು ಸ್ಕ್ರೂಡ್ರೈವರ್. ಬಿಷ್ಕೆಕ್‌ನಲ್ಲಿ ಇಪ್ಪತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿದವನ ಬಳಿ ಉಳಿದಿದ್ದ ಆಯುಧ ಅದೊಂದೇ.

ಕಂಪ್ಯೂಟರನ್ನು ರಿಪೇರಿ ಅಂಗಡಿಗೆ ಕೊಡಬಾರದಿತ್ತೇ ಅನ್ನುತ್ತೀರಿ. ಕೇಳಿ...

ಊರಾಚೆ ಶಾರ್ಶೆನ್ ಎಂಬವನದೊಂದು ಶೆಡ್ ಇದೆ. ಅದರ ತುಂಬ ಬಿಟ್‌ಕಾಯಿನ್ ತೋಡುವ ಯಂತ್ರಗಳು. ಕದ್ದ ಕರೆಂಟು. ನವೆಂಬರಿನಲ್ಲಿ ಅಲ್ಲಿ ಬೆಂಕಿ ಬಿತ್ತು. ಇಬ್ಬರು ಎಲೆಕ್ಟ್ರಿಷಿಯನ್‌ಗಳು ಸುಟ್ಟು ಸತ್ತರು. ಕುಡಿದು ಕೆಲಸಕ್ಕೆ ಇಳಿದಿದ್ದರು ಎಂದು ವರದಿ ಬರೆದು ಪೊಲೀಸರು ಫೈಲು ಮುಚ್ಚಿದರು.

ಯಂತ್ರ ನೋಡಿಕೊಳ್ಳುತ್ತಿದ್ದವನು ಬುರುಲ್ ಅಪಾ ಅವರ ಒಬ್ಬನೇ ಮಗ ಎರ್ಮೆಕ್. ನಡೆದದ್ದೆಲ್ಲ ಶೆಡ್ಡಿನ ಕ್ಯಾಮೆರಾದಲ್ಲಿ ದಾಖಲಾಗಿತ್ತು. ಅದರ ಡಿಸ್ಕನ್ನು ಅವನು ಕಿತ್ತು ಮನೆಗೆ ತಂದ. ಆಮೇಲೆ ಶಾರ್ಶೆನ್ ಎದುರು ನಿಂತು, ನನ್ನನ್ನು ಮುಟ್ಟಿದರೆ ಇದು ಹೊರಗೆ ಬರುತ್ತದೆ ಅಂದ.

ಪಾಪದ ಹುಡುಗ. ಅಂಥ ಮಾತು ಕೇಳಿದ ಮೇಲೆ ಶಾರ್ಶೆನ್‌ನಂಥವರು ಮುಟ್ಟದೆ ಬಿಡುವುದಿಲ್ಲ.

ಆರನೇ ದಿನ ಎರ್ಮೆಕ್ ಟ್ರಾನ್ಸ್‌ಫಾರ್ಮರ್ ಮೇಲಿಂದ ಬಿದ್ದ. ಅವನೂ ಕುಡಿದಿದ್ದನಂತೆ. ಬಿಯರಿನ ವಾಸನೆಗೇ ಮೂಗು ಮುಚ್ಚಿಕೊಳ್ಳುತ್ತಿದ್ದವನು.

ಅಪಾ ನನ್ನನ್ನು ಹುಡುಕಿಕೊಂಡು ಬಂದರು. ಪೊಲೀಸರು ಮುಚ್ಚಿದ್ದನ್ನು ಕೆದಕುವುದು ನನ್ನ ಈಗಿನ ಕಸುಬು. ಮನೆಗೆ ಕರೆದುಕೊಂಡು ಹೋಗಿ ಮಂಚದ ಕೆಳಗಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದರು. ಅದರಲ್ಲಿ ಬಿಡಿಬಿಡಿಯಾಗಿ, ಆ ಡಿಸ್ಕೂ ಸೇರಿ, ಹೆಚ್ಚುಕಡಿಮೆ ಒಂದು ಇಡೀ ಕಂಪ್ಯೂಟರ್ ಇತ್ತು. ಜೊತೆಗೆ ಮಗನ ಕೈಬರಹದ ಒಂಬತ್ತು ಹಾಳೆ.

ಮುಚ್ಚಳ ತೆರೆಯುವ ಮೊದಲು ಅಪಾ ಅಂಗೈ ಚಾಚಿದರು.

"ಕೊರುಂದುಕ್?"

ನಮ್ಮಲ್ಲಿ ಅದೊಂದು ಪದ್ಧತಿ. ಹೊಸ ಸೊಸೆ, ಹೊಸ ಕೂಸು, ಹೊಸ ಕಾರು... ಮೊದಲ ಸಲ ನೋಡುವವನು ಏನಾದರೂ ಕೊಟ್ಟು ನೋಡಬೇಕು. ಕೊಡದೆ ನೋಡಿದರೆ ನೋಡಿದವನಿಗೇ ಕೇಡು. ಮಗ ಸತ್ತ ಮನೆಯಲ್ಲೂ ಆ ಹೆಂಗಸು ಪದ್ಧತಿ ಬಿಡಲಿಲ್ಲ. ನನ್ನ ಜೇಬಿನಲ್ಲಿದ್ದದ್ದು, ಆಮೇಲೆ ಅವರಿಂದಲೇ ಎರವಲು ಪಡೆದ ಈ ಸ್ಕ್ರೂಡ್ರೈವರ್. ಕೊಟ್ಟೆ.

ಮೊದಲ ಹಾಳೆ ಹೀಗಿತ್ತು. "ಅಪಾ, ಇದನ್ನು ನೀನೇ ಜೋಡಿಸು. ಯಾರ ಕೈಗೂ ಕೊಡಬೇಡ. ಬಜಾರಿನ ರಿಪೇರಿಯವರೆಲ್ಲ ಶಾರ್ಶೆನ್ ಮಂದಿ."

ಒಂಬತ್ತನೆಯದು ಹೀಗೆ. "ಇಂಟರ್ನೆಟ್‌ಗೆ ತಂತಿ ಬೇಡ. ಗೋಡೆಯಾಚೆ ವೆರಾ ಆಂಟಿಯ ವೈ-ಫೈ ಇದೆಯಲ್ಲ, ಬೋರ್ಡಿನ ಮೂಲೆಯ ಚಿಪ್ ಅದನ್ನೇ ಹಿಡಿಯುತ್ತದೆ. ಬಟನ್ ಒತ್ತು. ಆಮೇಲೆ ಹತ್ತು ನಿಮಿಷ ಯಾರೂ ಆರಿಸದಂತೆ ನೋಡಿಕೋ. ಉಳಿದದ್ದು ಅದೇ ಮಾಡುತ್ತದೆ."

ಮಾಡುವುದು ಇಷ್ಟೇ. ಆ ವಿಡಿಯೊ ನಲವತ್ತು ಫೋನ್‌ಗಳಿಗೆ ಹೋಗುತ್ತದೆ. ಪತ್ರಕರ್ತರು, ಸತ್ತವರ ಮನೆಯವರು, ಶೆಡ್ಡಿನಲ್ಲಿ ದುಡಿಯುವ ಪ್ರತಿಯೊಬ್ಬ.

ಹತ್ತು ನಿಮಿಷ. ಅಷ್ಟು ಸಾಕಿತ್ತು.

ನಾಲ್ಕು ದಿನ ಜೋಡಿಸಿದೆವು. ಜೋಡಿಸಿದವರು ಅಪಾ. ನನ್ನ ಬೆರಳುಗಳು ಕಾಲರ್ ಹಿಡಿಯಲು ಮಾತ್ರ ಲಾಯಕ್ಕು. ಅವರು ಐವತ್ತು ವರ್ಷದಿಂದ ಶಿರ್ದಾಕ್ ಹೊಲಿಯುವವರು. ಅದು ಉಣ್ಣೆ ತುಳಿದು ಮಾಡಿದ ದಪ್ಪ ಹಾಸು. ಆ ಮನೆಯ ನೆಲ ಕಾಣುವುದೇ ಇಲ್ಲ, ಅಷ್ಟು ಹಾಸುಗಳು. ಅದರ ಮೇಲೆ ಮಂಡಿಯೂರಿ, ಉಣ್ಣೆಯ ಸ್ವೆಟರ್ ತೊಟ್ಟು, ಅವರು ಕೆಲಸ ಮಾಡುತ್ತಿದ್ದರು.

"ಚಿನ್ನದ ತ್ರಿಕೋನ ಇರೋ ಮೂಲೆ ಈ ಕಡೆ ಅಂತೆ. ಬಲ ಹಾಕಬಾರದಂತೆ. ಸೂಜಿಗೆ ದಾರ ಪೋಣಿಸಿದ ಹಾಗೆ ಅಂತ ಬರೆದಿದಾನೆ ನೋಡು."

ಪ್ರೊಸೆಸರ್ ಕುಳಿತಿತು. ಅದರ ಮೇಲೆ ಅಕ್ಕಿಕಾಳಿನಷ್ಟು ಪೇಸ್ಟ್. ಅದರ ಮೇಲೆ ಫ್ಯಾನ್. ಮೆಮೊರಿ ಪಟ್ಟಿ ಎರಡು. ಒಂದನ್ನು ಎತ್ತಿಕೊಂಡಾಗ ಅಪಾ ಬೆರಳ ತುದಿಯಿಂದ ಒಂದು ಕಿಡಿ ಹಾರಿತು. ಚಟ್!

"ಚಳಿಗಾಲ," ಎಂದು ನಕ್ಕರು. "ಉಣ್ಣೆ ಕಚ್ಚುತ್ತೆ."

ನಾನೂ ನಕ್ಕೆ. ನಾವಿಬ್ಬರೂ ಎಂಥ ಮೂರ್ಖರು ಎಂದು ಆಗ ಗೊತ್ತಿರಲಿಲ್ಲ.

ಪೆಟ್ಟಿಗೆಯಲ್ಲಿ ಒಂದು ಸಾಮಾನು ಮಾತ್ರ ಇರಲಿಲ್ಲ. ಪವರ್ ಸಪ್ಲೈ, ಯಂತ್ರಕ್ಕೆ ಕರೆಂಟು ಕೊಡುವ ಡಬ್ಬ. ಅದಕ್ಕೆ ಆವತ್ತು ಬೆಳಿಗ್ಗೆ ಬಜಾರಿಗೆ ಹೋದೆ. ಕಂಟೇನರ್‌ಗಳನ್ನು ಒಂದರ ಮೇಲೊಂದು ಇಟ್ಟು ಕಟ್ಟಿದ ಅಂಗಡಿ ಸಾಲು. ಕಾಲ ಕೆಳಗೆಲ್ಲ ಹಿಮಗಟ್ಟಿದ ಕೊಚ್ಚೆ. ಅಂಗಡಿಯವನು ಸಾಮಾನು ಕೊಟ್ಟ. ಕೊಡುತ್ತಲೇ ನನ್ನ ಹೆಗಲಾಚೆ ನೋಡಿದ.

ಓಡಿದೆ.

ಮೂರನೇ ಸಾಲಿನಲ್ಲಿ ಜಾರಿದೆ. ಎದ್ದಾಗ ಎದುರಿಗೆ ಕೆರಿಮ್ ನಿಂತಿದ್ದ, ಶಾರ್ಶೆನ್ ಕಡೆಯ ಆಳು. ಕೈಯಲ್ಲಿ ಕಬ್ಬಿಣದ ಸರಳು. ಬೆಂಕಿಯಲ್ಲಿ ಸತ್ತ ಇಬ್ಬರಲ್ಲಿ ಒಬ್ಬ ಇವನ ಸ್ವಂತ ತಮ್ಮ.

"ಆ ಶಾರ್ಶೆನ್‌ಗೋಸ್ಕರ ನನ್ನನ್ನ ಹೊಡೀತೀಯಾ?" ಅಂದೆ.

"ತಮ್ಮನ ಮಣ್ಣಿಗೆ ಕುದುರೆ ಕಡಿಸಿದ್ದು ಶಾರ್ಶೆನ್. ಊರಿಗೆಲ್ಲ ಊಟ ಹಾಕಿಸಿದಾರೆ. ಅವರ ಉಪ್ಪು ತಿಂದಿದೀನಿ."

"ನಿನ್ನ ತಮ್ಮ ಕುಡೀತಿದ್ನಾ?"

ಉತ್ತರ ಕೊಟ್ಟದ್ದು ಕೆರಿಮ್ ಅಲ್ಲ, ಸರಳು. ಪಕ್ಕೆಲುಬು ಮುರಿದ ಸದ್ದು ನನಗೇ ಕೇಳಿಸಿತು. ಅಷ್ಟರಲ್ಲಿ ಮೂಟೆ ಹೇರಿದ ತಳ್ಳುಗಾಡಿಯೊಂದು "ದಾರಿ... ದಾರಿ ಬಿಡಿ..." ಎನ್ನುತ್ತ ನಮ್ಮಿಬ್ಬರ ನಡುವೆ ನುಗ್ಗಿತು. ನಾನು ಗಾಡಿಯ ಈಚೆ, ಹೊರಗೆ ಹೋಗುವ ದಾರಿಯ ಬದಿಯಲ್ಲಿದ್ದೆ. ಅದೊಂದೇ ಅದೃಷ್ಟ.

ತಪ್ಪಿಸಿಕೊಂಡೆ ಅಂದುಕೊಂಡೆ. ಇಪ್ಪತ್ತೆರಡು ವರ್ಷದ ಅನುಭವ... ಅವರು ಹಿಂದೆ ಬರುತ್ತಾರೆ ಎಂಬುದು ಹೊಳೆಯಲಿಲ್ಲ. ಸಾಮಾನು ಮನೆಗೆ ತಂದೆ, ಅಪಾ ಅದರ ದಪ್ಪ ಪ್ಲಗ್ಗನ್ನು ಚುಚ್ಚಿದರು. ಬಟನ್ ಒತ್ತಿದರು. ಫ್ಯಾನ್ ತಿರುಗಿತು. ಪರದೆ ಕಪ್ಪಾಗಿಯೇ ಇತ್ತು.

ಬಾಗಿಲು ಬಡಿದದ್ದು ಆಗ.

"ಬಾಯ್ಕೆ, ಬಾಗಿಲು ತೆಗೀರಿ," ಎಂದಿತು ಹೊರಗಿನ ದನಿ. "ಸುಮ್ನೆ ಹೊಸ ಬಾಗಿಲಿನ ಖರ್ಚು ಯಾಕೆ."

ಶಾರ್ಶೆನ್. ಅಣ್ಣ ಅಂತ ಕರೆದು ಪಕ್ಕೆಲುಬು ಮುರಿಸುವವನು.

ಅಪಾ ಒಂಬತ್ತನೇ ಹಾಳೆ ಎತ್ತಿಕೊಂಡರು. ಅಡುಗೆಮನೆಗೆ ಹೋಗಿ ಗ್ಯಾಸ್ ಹಚ್ಚಿದರು. ಮಗನ ಅಕ್ಷರವನ್ನು ಒಂದು ಸಲ ನೋಡಿದರು. ಆಮೇಲೆ ಉರಿಗೆ ಹಿಡಿದರು. ನನಗೆ ಅಳು ಬರುವುದು ಕಡಿಮೆ. ಆಗ ಬಂದಿತ್ತು.

"ಈಗ ತೆಗಿ," ಅಂದರು.

ಶಾರ್ಶೆನ್ ಒಳಗೆ ಬಂದು ಶೂ ಬಿಚ್ಚಿದ. ಮರ್ಯಾದಸ್ಥ. ಹಿಂದೆ ಕೆರಿಮ್, ಸರಳಿನ ಬದಲು ಪಿಸ್ತೂಲು. ಮೂರನೆಯವನು ಬಾಗಿಲಿಗೆ ಒರಗಿ ನಿಂತ.

"ಡಿಸ್ಕ್ ಕೊಡಿ ಅಪಾ. ಹೋಗ್ತೀವಿ."

"ಅದರೊಳಗಿದೆ. ತಗೋ."

ಅವನು ಬಗ್ಗಲಿಲ್ಲ. ಯೋಚಿಸಿದ.

"ಅದೇನಾ? ಇಲ್ಲ ಯಾವುದೋ ಖಾಲಿ ಡಿಸ್ಕ್ ಕೊಟ್ಟು, ಅಸಲಿ ನಾಳೆ ತೆಗೀತೀರಾ?"

"ನಂಗೇನು ಗೊತ್ತಪ್ಪ. ಅದು ಶುರುನೇ ಆಗ್ತಿಲ್ಲ."

ಶಾರ್ಶೆನ್ ಹಾಳೆಗಳನ್ನು ಎತ್ತಿಕೊಂಡ. ಎಂಟೂ ಓದಿದ. ಯಂತ್ರದ ಬೆನ್ನಿನ ಕಡೆ ಬೆರಳಾಡಿಸಿ ಒಂದೊಂದೇ ತಂತಿ ಎಣಿಸಿದ. ಕರೆಂಟಿನದು ಒಂದು, ಪರದೆಯದು ಒಂದು.

"ಇಂಟರ್ನೆಟ್ ತಂತಿ ಇಲ್ಲ. ಒಳ್ಳೇದು," ಅಂದ.

ನಾನು ಉಸಿರಾಡಲಿಲ್ಲ. ಪಕ್ಕೆಲುಬಿನ ನೆಪ ಇತ್ತಲ್ಲ... ಹದಿನೈದು ವರ್ಷದ ಹಿಂದೆ ಇವನೂ ಅದೇ ಬಜಾರಿನಲ್ಲಿ ಕಂಪ್ಯೂಟರ್ ಜೋಡಿಸುತ್ತಿದ್ದವನು. ಆ ಕಾಲದಲ್ಲಿ ಇಂಟರ್ನೆಟ್ ಬರುತ್ತಿದ್ದದ್ದು ತಂತಿಯಲ್ಲೇ. ಆಮೇಲೆ ದೊಡ್ಡ ಮನುಷ್ಯನಾದ. ದೊಡ್ಡ ಮನುಷ್ಯರು ಹೊಸ ಬೋರ್ಡನ್ನು ಕೈಯಲ್ಲಿ ಹಿಡಿದು ನೋಡುವುದಿಲ್ಲ.

ಅವನ ಕಣ್ಣು ಬೋರ್ಡಿನ ಮೇಲೆ ನಿಂತಿತು. ಮೆಮೊರಿ ಪಟ್ಟಿಗಳ ಪಕ್ಕ ಸಣ್ಣ ಕೆಂಪು ದೀಪ.

"ಎಲ್ಲಿ ಕೂತು ಜೋಡಿಸಿದ್ರಿ ಅಪಾ?"

"ಇಲ್ಲೇ. ಶಿರ್ದಾಕ್ ಮೇಲೆ."

"ಶಿರ್ದಾಕ್ ಮೇಲೆ!" ತಲೆ ಹಿಂದಕ್ಕೆ ಹಾಕಿ ನಕ್ಕ. "ಉಣ್ಣೆ ಮೇಲೆ, ಉಣ್ಣೆ ತೊಟ್ಕೊಂಡು, ಜನವರಿಲಿ... ನಿಮ್ಮ ಮೈಯೆಲ್ಲ ಕರೆಂಟು ಅಪಾ. ಮುಟ್ಟಿದ್ದನ್ನೆಲ್ಲ ಸುಟ್ಟಿರ್ತೀರಿ. ನಿಮ್ಮ ಮಗ ಇಷ್ಟೂ ಬರೀಲಿಲ್ವಾ?"

ಬರೆದಿರಲಿಲ್ಲ. ಆ ಮನೆಯಲ್ಲಿ ಹುಟ್ಟಿದವನ ಕಣ್ಣಿಗೆ ಉಣ್ಣೆ ಬೀಳುವುದಿಲ್ಲ.

ಬುರುಲ್ ಅಪಾ ಮುಖ ಬಿಳಿಚಿಕೊಂಡಿತು. ಮಗನ ಕೊನೆಯ ಆಸ್ತಿಯನ್ನು ತಾನೇ ಕೊಂದೆ ಎಂದು ಅವರಿಗೆ ಅನಿಸಿತು. ನನಗೂ ಹಾಗೇ ಅನಿಸಿತು.

ಆದರೆ ಕಸುಬು ಕಲಿತ ಕೈ ಇದೆಯಲ್ಲ... ಕೆಟ್ಟ ಯಂತ್ರ ಕಂಡರೆ ಅದು ಸುಮ್ಮನಿರುವುದಿಲ್ಲ. ಶಾರ್ಶೆನ್ ಅಂಗಿಯ ತೋಳು ಮಡಚಿದ. ಕಿಟಕಿಯ ಕೆಳಗಿನ ಬಿಸಿನೀರಿನ ಕಬ್ಬಿಣದ ಕೊಳವೆಯನ್ನು ಮೊದಲು ಮುಟ್ಟಿದ, ಮೈಯ ಕರೆಂಟು ಇಳಿಯಲಿ ಎಂದು. ಯಂತ್ರ ಆರಿಸಿದ. ಒಂದು ಪಟ್ಟಿ ಕಿತ್ತು ಯಂತ್ರವನ್ನು ಮತ್ತೆ ಹಚ್ಚಿದ. ಕೆಂಪು ದೀಪ ಹಾಗೇ ಇತ್ತು. ಕಿತ್ತದ್ದನ್ನು ವಾಪಸ್ ಹಾಕಿ ಇನ್ನೊಂದನ್ನು ಕಿತ್ತ.

ಬಟನ್ ಒತ್ತಿದ.

ಹಸಿರು.

ಗೋಡೆ ಗಡಿಯಾರದಲ್ಲಿ ಮೂರು ಗಂಟೆ ಹನ್ನೆರಡು ನಿಮಿಷ.

ಪರದೆ ಬೆಳಗುವ ಮೊದಲೇ ಅಪಾ ತಲೆಯ ಬಿಳಿ ವಸ್ತ್ರ ಎಳೆದು ಅದರ ಮೇಲೆ ಹೊದಿಸಿದ್ದರು. ಹೊಸ ಸೊಸೆಗೆ ಹೊದಿಸುವ ಹಾಗೆ. ನರೆತ ಜಡೆ ಹೊರಗೆ ಬಿತ್ತು. ಅವರು ಅಂಗೈ ಚಾಚಿದರು.

"ಕೊರುಂದುಕ್?"

ಕೆರಿಮ್ ಪಿಸ್ತೂಲು ಎತ್ತಿದ. ಶಾರ್ಶೆನ್ ಕೈ ತೋರಿಸಿ ತಡೆದ.

"ಇರಲಿ ಬಿಡೋ. ಮುದುಕರ ಶಾಪ ಬೇಡ. ವಸಂತದಲ್ಲಿ ಚುನಾವಣೆಗೆ ನಿಲ್ಲೋನು ನಾನು." ನೋಟೊಂದು ತೆಗೆದ.

"ನನ್ನ ಮಗನ ಕೈಕೆಲಸಕ್ಕೆ ನೋಟಾ?" ಅಂದರು ಅಪಾ. "ಮೈ ಮೇಲಿಂದ ಬಿಚ್ಚಿ ಕೊಡಬೇಕು. ನಿಮ್ಮಮ್ಮ ಹೇಳಿಕೊಟ್ಟಿಲ್ವಾ?"

ಮೂರು ಹದಿನಾಲ್ಕು.

ಲೈಟರ್ ಕೊಟ್ಟ. "ಬೆಂಕಿ ಕೊಡ್ತೀಯಾ? ಆ ಬೆಂಕಿಯಿಂದ ಮಗನ್ನ ಕಳ್ಕೊಂಡ ಮನೆಗೆ?" ಅಂದರು. ಅವನು ಬೇಗ ಲೈಟರ್ ಹಿಂದಕ್ಕೆ ತೆಗೆದುಕೊಂಡ. ಟೋಪಿ ಕೊಟ್ಟ. ಅಪಾ ಅದನ್ನು ತಿರುಗಿಸಿ, ಹೊಲಿಗೆ ನೋಡಿ, ಇದು ಯಂತ್ರದ ಹೊಲಿಗೆ, ಒಗೆದರೆ ಬಿಟ್ಟುಕೊಳ್ಳುತ್ತದೆ ಎಂದು ನಿಧಾನವಾಗಿ ವಿವರಿಸಿದರು.

ಮೂರು ಹದಿನೇಳು.

"ಬಾಯ್ಕೆ, ನೀವಾದ್ರೂ ಹೇಳಿ ಈ ಮುದುಕಿಗೆ."

"ನನ್ನಿಂದ ಸ್ಕ್ರೂಡ್ರೈವರ್ ಕಿತ್ಕೊಂಡ್ರು," ಅಂದೆ. "ನೀನು ಶ್ರೀಮಂತ. ಅನುಭವಿಸು."

ಅವನ ಸಹನೆ ಮುಗಿಯುತ್ತಿತ್ತು. ನಗು ಹೋಗಿ ದವಡೆ ಬಿಗಿಯಿತು. ಕೊನೆಗೆ ಕೈಗಡಿಯಾರ ಬಿಚ್ಚಿದ. ಚಿನ್ನದ್ದು. ಅಪಾ ತೆಗೆದುಕೊಂಡರು. ಕಿವಿಗೆ ಹಿಡಿದರು.

"ಓಡ್ತಿದೆಯಾ ಇದು?"

"ಓಡ್ತಿದೆ! ಬಟ್ಟೆ ತೆಗೀರಿ!"

"ಮೊದಲು ಹರಸಬೇಕು," ಅಂದರು. ಎರಡು ಅಂಗೈ ಎತ್ತಿದರು. ಆ ಹಾರೈಕೆ ಉದ್ದವಾಗಿತ್ತು. ಯಂತ್ರ ಬಾಳಲಿ ಅಂದರು. ಜೋಡಿಸಿದ ಕೈ ತಣ್ಣಗಿರಲಿ ಅಂದರು. ಕೊನೆಗೆ ಎರ್ಮೆಕ್ ಹೆಸರು ಹೇಳಿದಾಗ ದನಿ ಒಡೆಯಿತು. ಅದು ನಾಟಕವಲ್ಲ.

ಮೂರು ಇಪ್ಪತ್ತೆರಡು.

ಶಾರ್ಶೆನ್ ವಸ್ತ್ರವನ್ನು ಕಿತ್ತೆಸೆದ.

ಪರದೆಯ ಮೇಲೆ ಒಂದು ಹಸಿರು ಪಟ್ಟಿ, ಪೂರ್ತಿ ತುಂಬಿದ್ದು. ಅದರ ಕೆಳಗೆ ಒಂದೇ ಸಾಲು. "ನಲವತ್ತು ಫೋನಿಗೂ ತಲುಪಿದೆ. ಥ್ಯಾಂಕ್ಸ್ ಅಪಾ."

ಅವನು ಮಾತಾಡುವ ಮೊದಲು ಕೆರಿಮ್‌ನ ಜೇಬು ನಡುಗಿತು.

ಕೆರಿಮ್ ಎಡಗೈಯಲ್ಲಿ ಫೋನ್ ತೆಗೆದ. ಶಾರ್ಶೆನ್ ದನಿ ಫೋನಿನಿಂದಲೇ ಕೇಳಿಸಿತು. "ಕರೆಂಟ್ ಕಡೀಬೇಡ ಅಂದೆ. ಯಂತ್ರ ಒಂದು ಗಂಟೆ ನಿಂತ್ರೆ ನಷ್ಟ ಎಷ್ಟು ಗೊತ್ತಾ? ಹಾಗೇ ಹತ್ತಿ ಕೆಲಸ ಮಾಡ್ರೋ." ಆಮೇಲೆ ಕೂಗು. ಆಮೇಲೆ ಕೂಗಲ್ಲದ ಸದ್ದು.

ಕೆರಿಮ್ ಅದನ್ನು ಇನ್ನೊಮ್ಮೆ ಹಾಕಿದ.

"ಇವನು ಕುಡಿದಿಲ್ಲ," ಅಂದ. ಯಾರಿಗೂ ಅಲ್ಲ. "ನೆಟ್ಟಗೆ ನಿಂತಿದಾನೆ. ನನ್ನ ತಮ್ಮ ನೆಟ್ಟಗೆ ನಿಂತಿದಾನೆ."

"ಕೆರಿಮ್, ನನ್ನ ಮಾತು ಕೇಳು..."

ಬಾಗಿಲಿಗೆ ಒರಗಿದ್ದವನು ಶೂ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿದ. ಬುದ್ಧಿವಂತ. ಕೆರಿಮ್‌ನ ಪಿಸ್ತೂಲು ಶಾರ್ಶೆನ್ ಹಣೆಗೆ ಬಂತು. ನಾನು ತಡೆಯಲಿಲ್ಲ. ನಿಜ ಹೇಳುತ್ತೇನೆ, ತಡೆಯುವ ಮನಸ್ಸೂ ಇರಲಿಲ್ಲ.

ತಡೆದವರು ಅಪಾ.

"ಶಿರ್ದಾಕ್ ಮೇಲೆ ಬೇಡ ಮಗಾ," ಅಂದರು ಮೆಲ್ಲಗೆ. "ನಾಲ್ಕು ವರ್ಷ ಹೊಲಿದಿದೀನಿ. ನಿಮ್ಮಮ್ಮನಿಗೆ ಒಬ್ಬನಾದ್ರೂ ಮನೇಲಿರಲಿ."

ಪಿಸ್ತೂಲು ಇಳಿಯಲಿಲ್ಲ. ಸಿಡಿಯಲೂ ಇಲ್ಲ. ನಾನು ಫೋನ್ ಮಾಡಿದ ಮೇಲೂ ಪೊಲೀಸರು ಬರಲು ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಶಾರ್ಶೆನ್ ಉಣ್ಣೆ ಹಾಸಿನ ಮೇಲೆ ಮಂಡಿಯೂರಿ ಕುಳಿತಿದ್ದ. ಕೆರಿಮ್ ಆ ವಿಡಿಯೊವನ್ನು ಹನ್ನೊಂದು ಸಲ ಹಾಕಿದ.

ಎರ್ಮೆಕ್ ವಾಪಸ್ ಬರಲಿಲ್ಲ. ಅಂಥವರು ಬರುವುದಿಲ್ಲ. ಅವನ ತಾಯಿ ಈಗ ದಿನಾ ಸಂಜೆ ಆ ಕಂಪ್ಯೂಟರ್ ಹಚ್ಚಿ, ಒಂದೇ ಮೆಮೊರಿ ಪಟ್ಟಿಯಲ್ಲಿ ಅದು ತೆವಳುತ್ತ ಏಳುವುದನ್ನು ನೋಡುತ್ತಾರೆ. ಹಚ್ಚುವ ಮೊದಲು ಕಬ್ಬಿಣದ ಕೊಳವೆ ಮುಟ್ಟುತ್ತಾರೆ. ಕೊಲೆಗಾರ ಕಲಿಸಿದ್ದು ಅದೊಂದೇ.

ಆ ಚಿನ್ನದ ಗಡಿಯಾರ? ಜೈಲಿನಿಂದ ಶಾರ್ಶೆನ್ ವಕೀಲನ ಮೂಲಕ ಎರಡು ಸಲ ಕೇಳಿಸಿದ. ವಕೀಲನಿಗೆ ಚಹಾ ಕೊಟ್ಟು ನಾನೇ ಉತ್ತರ ಹೇಳಿ ಕಳಿಸಿದೆ... ಕೊರುಂದುಕ್ ವಾಪಸ್ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲ.