ಎದುರು ಬೆಂಚಿನ ಕಡ್ಡಿ

"ಇನ್ನೊಂದ್ಸಲ ಎಣಿಸಿ ಮಿಸ್!" ಕಡ್ಡಿ ಎದ್ದು ನಿಂತು ಕೂಗಿದಳು.

"ಎರಡು ಸಲ ಎಣಿಸಿದ್ದಾಯ್ತಲ್ಲೇ," ಎಂದರು ಮಿಸ್, ಓಟಿನ ಚೀಟಿಗಳನ್ನು ಸೀಮೆಸುಣ್ಣದ ಡಬ್ಬಿಗೆ ತುಂಬುತ್ತಾ. "ಗೆದ್ದಿದ್ದು ಗೋಲಿ. ಈ ವರ್ಷ ಕ್ಲಾಸ್ ಲೀಡರ್ ಅವಳೇ. ಎಲ್ಲರೂ ಚಪ್ಪಾಳೆ ತಟ್ಟಿ."

ಕ್ಲಾಸೆಲ್ಲ ಚಪ್ಪಾಳೆ ತಟ್ಟಿತು. ಕಡ್ಡಿ ಮಾತ್ರ ಎರಡೂ ಕೈಗಳನ್ನು ಡೆಸ್ಕಿನ ಕೆಳಗೆ ಇಟ್ಟುಕೊಂಡಳು.

ಸಣಕಲು ಮೈಯವಳಾದ್ದರಿಂದ ಅವಳು ಕಡ್ಡಿ. ದುಂಡು ಕಣ್ಣಿನವಳು ಗೋಲಿ. ಈ ಹೆಸರುಗಳು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿದ್ದವೆಂದರೆ, ಹಾಜರಿ ಕರೆಯುವ ಹೊತ್ತು ಬಿಟ್ಟರೆ ಮಿಸ್ ಕೂಡ ಹಾಗೇ ಕರೆಯುತ್ತಿದ್ದರು. ಒಂದನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗೂ ಇಬ್ಬರದೂ ಒಂದೇ ಬೆಂಚು. ಒಬ್ಬಳ ರಬ್ಬರ್ ಇನ್ನೊಬ್ಬಳ ಬಾಕ್ಸಿನಲ್ಲಿ ಇರುತ್ತಿತ್ತು.

ಎಲೆಕ್ಷನ್‌ಗೆ ಕಡ್ಡಿ ನಿಲ್ಲುವುದು, ಗೋಲಿ ಅವಳ ಪರವಾಗಿ ಓಟು ಕೇಳುವುದು ಎಂದು ಮಾತಾಗಿತ್ತು. ಆದರೆ ಹಿಂದಿನ ಬೆಂಚಿನವರು "ಗೋಲೀನೂ ನಿಲ್ಲಲಿ!" ಎಂದು ಕೂಗಿದಾಗ ಗೋಲಿ ಬೇಡ ಅನ್ನಲಿಲ್ಲ. ಕಾಲ್ಬೆರಳು ನೋಡಿಕೊಂಡು ನಕ್ಕಳು, ಅಷ್ಟೇ. ಆ ನಗು ಕಡ್ಡಿಗೆ ಮುಳ್ಳು ಚುಚ್ಚಿದ ಹಾಗೆ ಚುಚ್ಚಿತ್ತು.

ಮನೆಗೆ ಬಂದವಳೇ ಬ್ಯಾಗನ್ನು ಮೂಲೆಗೆ ಎಸೆದಳು.

"ಏನಾಯ್ತೇ ಎಲೆಕ್ಷನ್ನು?" ಅಮ್ಮ ಕೆಲಸದಿಂದ ತಲೆ ಎತ್ತದೆ ಕೇಳಿದಳು.

"ಮಣ್ಣು ಮುಕ್ಕಿದೆ."

ಅಮ್ಮ ಕೆಲಸ ಮಾಡುವುದು ಮನೆಯ ಮುಂದಿನ ಕೋಣೆಯಲ್ಲೇ. ಹಲ್ಲಿನ ಡಾಕ್ಟರುಗಳು ಯಾರದೋ ಬಾಯಿಯ ಅಚ್ಚು ಕಳಿಸುತ್ತಾರೆ. ಅದಕ್ಕೆ ಸರಿಯಾಗಿ ಅಮ್ಮ ಹಲ್ಲಿನ ಸೆಟ್ ಮಾಡಿಕೊಡುತ್ತಾಳೆ. ಮೇಜಿನ ಮೇಲೆ ಪ್ಲಾಸ್ಟರಿನ ದವಡೆಗಳು ಬಾಯಿ ಬಿಟ್ಟುಕೊಂಡು ಸಾಲಾಗಿ ಕೂತಿರುತ್ತವೆ. ಕೋಣೆಗೆಲ್ಲ ಬಿಸಿ ಮೇಣದ ವಾಸನೆ. ಹೊಸಬರು ಬಂದರೆ ಬೆಚ್ಚಿಬೀಳುತ್ತಾರೆ. ಕಡ್ಡಿಗೆ ಮಾತ್ರ ಆ ದವಡೆಗಳ ಎದುರಿಗೇ ಹೋಮ್‌ವರ್ಕ್ ಮಾಡಿ ಅಭ್ಯಾಸ.

ಈ ಕೆಲಸಕ್ಕೆ ಕಣ್ಣು ಬೇಕು, ಕೈ ಬೇಕು. ಕಿವಿಗೇನೂ ಕೆಲಸವಿಲ್ಲ. ಅದಕ್ಕೇ ಅಮ್ಮ ಕಿವಿಗೆ ಪಾಡ್‌ಕಾಸ್ಟ್ ಹಾಕಿಕೊಳ್ಳುತ್ತಾಳೆ. ಅದೂ ಹಾಡಲ್ಲ, ಕತೆಯಲ್ಲ, ಅಡುಗೆಯಲ್ಲ. ಕೆನಡಾ ಮತ್ತು ಅಮೆರಿಕದ ರಾಜಕೀಯ!

"ನಮ್ಮ ರಾಜಕೀಯ ಕೇಳಿದ್ರೆ ಸಿಟ್ಟು ಬಂದು ಕೈ ನಡುಗುತ್ತೆ, ಯಾರದೋ ಹಲ್ಲು ಸೊಟ್ಟ ಆಗುತ್ತೆ," ಎನ್ನುವುದು ಅಮ್ಮನ ವಾದ. "ಇದಾದ್ರೆ ಪಕ್ಕದ ಬೀದಿ ಜಗಳ. ಆರಾಮಾಗಿ ಕಿಟಕಿಯಲ್ಲಿ ನಿಂತು ನೋಡಬಹುದು."

ಅಮ್ಮ ಒಂದು ಕಿವಿಯ ಇಯರ್‌ಬಡ್ ತೆಗೆದು ಕಡ್ಡಿಯ ಕಿವಿಗಿಟ್ಟಳು. ಸಮಾಧಾನ ಮಾಡುವ ಅವಳ ರೀತಿಯೇ ಅದು. ಒಳಗೆ ಇಬ್ಬರು ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದರು. ಒಬ್ಬ ಅಮೆರಿಕದವನು, ಮಾತಿಗೆ ಮುಂಚೆ ಕೆಮ್ಮುತ್ತಾನೆ. ಇನ್ನೊಬ್ಬಳು ಕೆನಡಾದವಳು, ಮಾತು ಮುಗಿದ ಮೇಲೆ ನಗುತ್ತಾಳೆ. ಕಡ್ಡಿ ಅವರಿಗೆ ಕೆಮ್ಮು ಮಾಮ, ನಗು ಆಂಟಿ ಎಂದು ಹೆಸರಿಟ್ಟಿದ್ದಳು. ಪ್ರತಿ ವಾರ ಹಾವು ಮುಂಗುಸಿ ಹಾಗೆ ಕಿತ್ತಾಡುತ್ತಾರೆ, ಮುಂದಿನ ವಾರ ಮತ್ತೆ ಇಬ್ಬರೂ ಹಾಜರ್.

"ಇವತ್ತೇನಂತೆ ಇವರದ್ದು?" ಕಡ್ಡಿ ಮೂಗು ಒರೆಸಿಕೊಂಡು ಕೇಳಿದಳು.

"ಕೆನಡಾದಲ್ಲಿ ವಿರೋಧ ಪಕ್ಷದ ನಾಯಕನಿಗೂ ಸರ್ಕಾರ ಮನೆ ಕೊಡುತ್ತಂತೆ. ಕೆಮ್ಮು ಮಾಮ ಅದನ್ನೇ ಆಡ್ಕೊಂಡು ನಗ್ತಿದಾನೆ."

ಕಡ್ಡಿ ಸ್ಟೂಲಿನಿಂದ ಬೀಳುವುದೊಂದು ಬಾಕಿ. "ಸೋತವರಿಗೂ ಮನೆನಾ?"

"ದೊಡ್ಡ ಮನೆ. ಸಂಬಳ ಬೇರೆ. ಪಾರ್ಲಿಮೆಂಟಲ್ಲಿ ಪ್ರಧಾನಿ ಎದುರಿಗೇ ಸೀಟು."

"ಯಾಕಮ್ಮಾ?"

"ಎದುರಿಗೆ ಕೂತು ಪ್ರಶ್ನೆ ಕೇಳೋದೂ ಒಂದು ಕೆಲಸ ಕಣೇ. ಆದ್ರೆ ಪ್ರಶ್ನೆ ಕೇಳಬೇಕು ಅಂದ್ರೆ ಮೊದಲು..."

ಅಮ್ಮ ಮುಂದೆಯೂ ಏನೋ ಹೇಳುತ್ತಿದ್ದಳು. ಕಡ್ಡಿಯ ಕಿವಿಗೆ ಅದು ಬೀಳಲಿಲ್ಲ. 'ವಿರೋಧ' ಎಂಬ ಮಾತಿನಲ್ಲೇ ಅವಳ ಮನಸ್ಸು ಸಿಕ್ಕಿಕೊಂಡಿತ್ತು.

ಮರುದಿನ ಕಡ್ಡಿ ತನ್ನ ಬ್ಯಾಗು ಎತ್ತಿಕೊಂಡು, ಗೋಲಿಯ ಬೆಂಚು ಬಿಟ್ಟು, ಬೆಂಚುಗಳ ನಡುವಿನ ದಾರಿಯ ಆಚೆ ಬದಿಯ ಬೆಂಚಿಗೆ ಹೋಗಿ ಕೂತಳು.

"ಯಾಕೇ ಅಲ್ಲಿ?" ಗೋಲಿ ಕೇಳಿದಳು.

"ನಾನು ಇನ್ಮೇಲೆ ವಿರೋಧ ಪಕ್ಷದ ನಾಯಕಿ. ಎದುರಿಗೇ ಕೂರಬೇಕು. ರೂಲ್ಸು."

ಅಲ್ಲಿಂದ ಶುರುವಾಯಿತು ನೋಡಿ. ಬೋರ್ಡ್ ಒರೆಸಲು ಗೋಲಿ ಸರದಿ ಹಾಕಿದರೆ, "ವಿರೋಧಿಸ್ತೀನಿ!" ಲೈನಿನಲ್ಲಿ ಕುಳ್ಳರು ಮುಂದೆ ನಿಲ್ಲಲಿ ಎಂದರೆ, "ವಿರೋಧಿಸ್ತೀನಿ!" ಮಧ್ಯಾಹ್ನ ಸೆಖೆಗೆ ಎಲ್ಲರೂ ಬೆವರುತ್ತಿದ್ದಾಗ ಗೋಲಿ ಕಿಟಕಿ ತೆಗೆಯಿರಿ ಎಂದಳು. ಕಡ್ಡಿಯ ಹಣೆಯಿಂದಲೂ ಬೆವರು ಇಳಿಯುತ್ತಿತ್ತು. ಆದರೂ ಅವಳು ಎದ್ದು ನಿಂತು, "ವಿರೋಧಿಸ್ತೀನಿ!" ಎಂದಳು.

"ಉಸ್ಸಪ್ಪಾ!" ಎಂದ ಪಕ್ಕದಲ್ಲಿದ್ದ ಹುಡುಗ. "ಗಾಳಿಗೂ ವಿರೋಧನಾ?" ಎಲ್ಲದಕ್ಕೂ ಉಸ್ಸಪ್ಪಾ ಎನ್ನುವ ಅವನ ಹೆಸರೇ ಉಸ್ಸಪ್ಪ. ಎಲೆಕ್ಷನ್‌ನಲ್ಲಿ ಇಬ್ಬರೂ ಬೇಜಾರು ಮಾಡಿಕೊಳ್ಳಬಾರದೆಂದು ಖಾಲಿ ಚೀಟಿ ಹಾಕಿದವನು ಇಡೀ ಕ್ಲಾಸಿಗೆ ಅವನೊಬ್ಬನೇ.

ಮೊದಮೊದಲು ಎಲ್ಲರೂ ನಕ್ಕರು. ಗೋಲಿಯೂ ನಕ್ಕಳು. ಬರುಬರುತ್ತಾ ಅವಳ ನಗು ಕಡಿಮೆಯಾಯಿತು. ಕಡ್ಡಿ ಅದನ್ನು ನೋಡಿದಳು. ನೋಡಿಯೂ ನೋಡದ ಹಾಗೆ ಇದ್ದಳು.

ಆ ವಾರ ಕ್ಲಾಸಿನಲ್ಲಿ ದೊಡ್ಡದೊಂದು ತೀರ್ಮಾನ ಆಗಬೇಕಿತ್ತು. ಶನಿವಾರ ಕೊನೆಯ ಪಿರಿಯಡ್ಡು ಅವರಿಗೆ ಗ್ರೌಂಡ್ ಸಿಗುತ್ತಿತ್ತು. ಆದರೆ ಸಿಗುತ್ತಿದ್ದುದು ಫುಟ್‌ಬಾಲ್ ಆಡುವವರಿಗೆ ಮಾತ್ರ. ಉಳಿದವರು ಮೆಟ್ಟಿಲ ಮೇಲೆ ಕೂತು ಅವರ ಚಪ್ಪಲಿ ಕಾಯಬೇಕಿತ್ತು. ಗಲಾಟೆ ಕೇಳಿ ಕೇಳಿ ಸಾಕಾಗಿ ಪಿ.ಟಿ. ಸರ್, "ಶುಕ್ರವಾರದ ಮೀಟಿಂಗಲ್ಲಿ ನೀವೇ ಕೂತು ಬಗೆಹರಿಸ್ಕೊಳ್ಳಿ. ಇಲ್ಲಾಂದ್ರೆ ಈ ವಾರ ಗ್ರೌಂಡ್ ಆರನೇ ಕ್ಲಾಸಿಗೆ," ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಿದ್ದರು.

ಗುರುವಾರ ಸಂಜೆ ಕೆಮ್ಮು ಮಾಮ ಒಂದು ಹೊಸ ವಿಷಯ ಹೇಳಿದ. ಅಮೆರಿಕದ ಸೆನೆಟ್ಟಿನಲ್ಲಿ ಒಬ್ಬರು ಎದ್ದು ನಿಂತು ಮಾತಾಡುತ್ತಲೇ ಇದ್ದರೆ, ಅವರು ನಿಲ್ಲಿಸುವವರೆಗೆ ಓಟು ಹಾಕಿಸುವುದು ಬಲು ಕಷ್ಟವಂತೆ. ಆದರೆ ಕೂರುವಂತಿಲ್ಲ, ಒಂದಕ್ಕೂ ಹೋಗುವಂತಿಲ್ಲ.

"ಅಷ್ಟೊತ್ತು ಏನು ಮಾತಾಡ್ತಾರಮ್ಮಾ?"

"ಏನಾದ್ರೂ. ಹಿಂದೆ ಒಬ್ಬ ಅಡುಗೆ ಮಾಡೋದು ಹೇಗೆ ಅಂತ ಹೇಳ್ತಾ ನಿಂತಿದ್ನಂತೆ."

ಕಡ್ಡಿಯ ತಲೆಯಲ್ಲಿ ಬಲ್ಬು ಉರಿಯಿತು. ಶುಕ್ರವಾರ ಬೆಳಿಗ್ಗೆಯಿಂದ ಅವಳು ನೀರೇ ಕುಡಿಯಲಿಲ್ಲ.

ಶುಕ್ರವಾರದ ಮೀಟಿಂಗ್ ನಡೆಸುವುದು ಕ್ಲಾಸ್ ಲೀಡರ್. ಮಿಸ್ ಹಿಂದೆ ಕೂತು ನೋಟ್‌ಬುಕ್ ತಿದ್ದುತ್ತಾರೆ, ನಡುವೆ ಬಾಯಿ ಹಾಕುವುದಿಲ್ಲ. ಗೋಲಿ ಮುಂದೆ ಬಂದು ನಿಂತಳು. "ಗ್ರೌಂಡ್ ವಿಷಯಕ್ಕೆ ನಾನೊಂದು..."

"ವಿರೋಧಿಸ್ತೀನಿ!" ಕಡ್ಡಿ ಎದ್ದಳು. "ನಾನು ಮೊದಲು ಮಾತಾಡಬೇಕು. ಹಲ್ಲಿನ ಸೆಟ್ ಮಾಡೋದು ಹೇಗೆ ಗೊತ್ತಾ? ಮೊದಲು ಡಾಕ್ಟರ್ ಬಾಯೊಳಗೆ ಪೇಸ್ಟ್ ತುಂಬಿ ಅಚ್ಚು ತೆಗೀತಾರೆ. ಅದನ್ನ ನುಂಗಬಾರದು..."

ಎಲ್ಲರೂ ಹೋ ಎಂದು ನಕ್ಕರು. ಕಡ್ಡಿ ಅಚ್ಚಿಗೆ ಪ್ಲಾಸ್ಟರ್ ಸುರಿದಳು. ಒಣಗಿಸಿದಳು. ಮೇಣ ಕರಗಿಸಿದಳು. ಒಂದೊಂದೇ ಹಲ್ಲು ಜೋಡಿಸಿದಳು, ಅದರಲ್ಲಿ ಕೋರೆಹಲ್ಲಿಗೆ ಬೇರೆಯೇ ಭಾಷಣ. ಗೋಲಿ ನಡುವೆ ಎರಡು ಸಲ ಬಾಯಿ ತೆರೆದಳು. ಕಡ್ಡಿ ದನಿ ಏರಿಸಿದಳು. ನಗುತ್ತಿದ್ದವರು ಗಡಿಯಾರ ನೋಡತೊಡಗಿದರು. "ಸಾಕು ಕೂತ್ಕೊಳೇ!" ಎಂದು ಯಾರೋ ಕೂಗಿದರು. ಅವಳು ಕೂರಲಿಲ್ಲ. ಕೊನೆಗೆ ಹಲ್ಲಿಗೆ ಪಾಲಿಶ್ ಹಾಕುತ್ತಿದ್ದಾಗ ಬೆಲ್ ಹೊಡೆಯಿತು.

ಪಿ.ಟಿ. ಸರ್ ಬಾಗಿಲಲ್ಲಿ ಇಣುಕಿದರು. "ಏನು ತೀರ್ಮಾನ ಆಯ್ತು?"

ಗೋಲಿ ಇಲ್ಲ ಎಂದು ತಲೆಯಾಡಿಸಿದಳು.

"ಸರಿ ಹಾಗಾದ್ರೆ. ನಾಳೆ ಗ್ರೌಂಡ್ ಆರನೇ ಕ್ಲಾಸಿಗೆ," ಎಂದು ಅವರು ಹೊರಟೇಹೋದರು.

ಎಲ್ಲರೂ ಕಡ್ಡಿಯನ್ನು ದುರುಗುಟ್ಟಿ ನೋಡಿ ಬ್ಯಾಗು ಎತ್ತಿಕೊಂಡರು. ಗೋಲಿ ಮಾತ್ರ ನಿಂತಲ್ಲೇ ನಿಂತಿದ್ದಳು. ಅವಳ ದುಂಡು ಕಣ್ಣಿನಲ್ಲಿ ನೀರು ತುಂಬಿತ್ತು.

"ನಾನೇನು ಹೇಳೋಕೆ ಹೊರಟಿದ್ದೆ ಅಂತಾನಾದ್ರೂ ಗೊತ್ತಾ ನಿಂಗೆ?" ಎಂದಳು. "ಅರ್ಧ ಗ್ರೌಂಡ್ ಫುಟ್‌ಬಾಲಿಗೆ, ಇನ್ನರ್ಧ ಉಳಿದವರಿಗೆ. ಲೀಡರ್ ಆದ್ರೆ ಮಾಡ್ತೀನಿ ಅಂತ ಮೆಟ್ಟಿಲ ಮೇಲೆ ಕೂತು ಹೇಳಿದ್ಯಲ್ಲ? ನಿನ್ನ ಐಡಿಯಾನೇ ಕಣೇ ಅದು!"

ಇಡೀ ಮೀಟಿಂಗ್ ಮಾತಾಡಿದವಳು ಈಗ ಬ್ಯಾಗು ಎತ್ತಿಕೊಂಡು ಹೊರಗೆ ಓಡಿದಳು.

ಅವತ್ತು ಸಂಜೆ ಅವಳು ಅಮ್ಮನಿಗೆ ಎಲ್ಲ ಹೇಳಿದಳು, ಅಳುತ್ತಾ, ನಡುನಡುವೆ ಗಟಗಟ ನೀರು ಕುಡಿಯುತ್ತಾ. ಅಮ್ಮ ಬೈಯಲಿಲ್ಲ. ಮುಗಿದ ಒಂದು ಹಲ್ಲಿನ ಸೆಟ್ಟನ್ನು ಕೈಗೆ ತೆಗೆದುಕೊಂಡು, ಮೇಲಿನ ಮತ್ತು ಕೆಳಗಿನ ಸಾಲಿನ ನಡುವೆ ಕಾರ್ಬನ್ ಹಾಳೆಯಂಥ ನೀಲಿ ಕಾಗದದ ಪಟ್ಟಿ ಇಟ್ಟು, ಟಕ್ ಟಕ್ ಎಂದು ಕಚ್ಚಿಸಿದಳು. ಒಂದು ಹಲ್ಲಿನ ಮೇಲೆ ಮಾತ್ರ ದಟ್ಟ ನೀಲಿ ಚುಕ್ಕೆ ಮೂಡಿತು.

"ನೋಡು, ಇದು ಎತ್ತರ ಆಗಿದೆ. ಇದೊಂದೇ ಮುಂದೆ ಬಂದು ಕಚ್ತಿದೆ, ಬೇರೆ ಯಾವುದಕ್ಕೂ ತಾಗೋಕೆ ಬಿಡ್ತಿಲ್ಲ."

"ಕಿತ್ತು ಬಿಸಾಕ್ತೀಯಾ?"

"ಹುಚ್ಚಿ! ಕಿತ್ತರೆ ಅಗಿಯೋದು ಹೇಗೆ? ಎದುರಿಗೆ ಹಲ್ಲು ಬೇಕೇ ಬೇಕು. ಒಂಚೂರು ಉಜ್ಜಿದ್ರೆ ಸಾಕು." ಅಮ್ಮ ಸಣ್ಣ ಯಂತ್ರ ಹಿಡಿದು ಜುಯ್ ಎನ್ನಿಸಿದಳು.

ಕಡ್ಡಿ ಆ ಹಲ್ಲಿನ ಮೇಲೆ ಬೆರಳಾಡಿಸಿದಳು. "ಅಮ್ಮಾ, ಅಲ್ಲಿ ಪಾರ್ಲಿಮೆಂಟಲ್ಲಿ, ಸಾಕು ಕೂತ್ಕೋ ಅಂತ ಹೇಳೋರು ಯಾರೂ ಇಲ್ವಾ?"

"ಇದಾರಲ್ಲ, ಸ್ಪೀಕರ್! ಅವರು ಎರಡೂ ಕಡೆಗೆ ಸೇರಿದವರು." ಅಮ್ಮನಿಗೆ ನಗು ಬಂತು. "ಕೆನಡಾದಲ್ಲಿ ಒಂದು ತಮಾಷೆ ಗೊತ್ತಾ? ಹೊಸ ಸ್ಪೀಕರ್ ಆದವರು ನಂಗೆ ಬೇಡಪ್ಪಾ ಅಂತ ಕೊಸರಾಡಬೇಕು. ಪ್ರಧಾನಿ, ವಿರೋಧ ಪಕ್ಷದ ನಾಯಕ ಇಬ್ಬರೂ ಸೇರಿ ಅವರನ್ನ ಕುರ್ಚಿವರೆಗೂ ಎಳ್ಕೊಂಡು ಹೋಗಬೇಕು. ಹಳೇ ಪದ್ಧತಿ ಅದು. ಹಿಂದಿನ ಕಾಲದಲ್ಲಿ ಇಂಗ್ಲೆಂಡಲ್ಲಿ ಆ ಕೆಲಸಕ್ಕೆ ಹೋದವರ ತಲೇನೇ ರಾಜರು ತೆಗೆಸ್ತಿದ್ರಂತೆ."

ಸೋಮವಾರ ಕಡ್ಡಿ ನೇರವಾಗಿ ಮಿಸ್ ಹತ್ತಿರ ಹೋದಳು. "ಮಿಸ್, ನಮ್ಮ ಕ್ಲಾಸಿಗೊಬ್ಬ ಸ್ಪೀಕರ್ ಬೇಕು. ನನ್ನಂಥವರನ್ನ ಕೂರಿಸೋಕೆ. ಆಮೇಲೆ, ಇನ್ನೊಂದ್ಸಲ ಮೀಟಿಂಗ್ ಮಾಡೋಕೆ ಬಿಡ್ತೀರಾ?"

ಮಿಸ್ ಕನ್ನಡಕ ಮೇಲೆತ್ತಿ ಅವಳನ್ನು ನೋಡಿ, ಕ್ಲಾಸಿನ ಕಡೆ ತಿರುಗಿದರು. "ಯಾರಾಗಬಹುದು?"

ಕ್ಲಾಸಿಗೆ ಯೋಚನೆಯೇ ಬೇಕಾಗಲಿಲ್ಲ. "ಉಸ್ಸಪ್ಪ! ಉಸ್ಸಪ್ಪ!"

"ಉಸ್ಸಪ್ಪಾ, ನಾನಾ?" ಎಂದು ಅವನು ಡೆಸ್ಕನ್ನು ಗಟ್ಟಿಯಾಗಿ ತಬ್ಬಿಕೊಂಡ. ಪಾಪ, ಅವನಿಗೆ ಕೆನಡಾದ ಪದ್ಧತಿ ಗೊತ್ತಿರಲಿಲ್ಲ. ನಿಜವಾಗಲೂ ಹೆದರಿದ್ದ.

"ಬೇಡ ಅನ್ನಬೇಕು ಕಣೋ, ಅದೇ ರೂಲ್ಸು! ಈಗ ನಾವು ಎಳೀಬೇಕು," ಎಂದು ಕಡ್ಡಿ ಅವನ ಬಲಗೈ ಹಿಡಿದು ಎಳೆದಳು. ಉಸ್ಸಪ್ಪ ಡೆಸ್ಕೇನೋ ಬಿಟ್ಟ. ಆದರೆ ಮುಂದಕ್ಕೆ ಬರಲಿಲ್ಲ, ನಿಂತಲ್ಲೇ ಬುಗುರಿ ಹಾಗೆ ತಿರುಗಿದ. ಇನ್ನೂ ಜೋರಾಗಿ ಎಳೆದಳು. ಇನ್ನೊಂದು ಸುತ್ತು ತಿರುಗಿದ. ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಕಡ್ಡಿ ಏದುಸಿರು ಬಿಡುತ್ತಾ ನಿಂತಳು. ದಾರಿಯ ಆಚೆ ಗೋಲಿ ಕೂತಿದ್ದಳು. ನಗಬೇಕೋ ಬೇಡವೋ ಎಂದು ತುಟಿ ಕಚ್ಚಿಕೊಂಡಿದ್ದಳು. ಶುಕ್ರವಾರದಿಂದ ಇಬ್ಬರೂ ಒಂದು ಮಾತೂ ಆಡಿರಲಿಲ್ಲ.

"ಏ ಗೋಲೀ," ಎಂದಳು ಕಡ್ಡಿ. "ಆ ಕೈ ನೀನು ಹಿಡ್ಕೊಳೇ. ನನ್ನೊಬ್ಬಳ ಕೈಲಿ ಆಗ್ತಿಲ್ಲ."

ಗೋಲಿ ಎದ್ದು ಬಂದು ಉಸ್ಸಪ್ಪನ ಎಡಗೈ ಹಿಡಿದಳು. ಈಗ ಅವನು ತಿರುಗಲಿಲ್ಲ. ಇಬ್ಬರ ನಡುವೆ, "ಉಸ್ಸಪ್ಪಾ, ಬಿಟ್ಬಿಡ್ರೇ!" ಎನ್ನುತ್ತಾ ನೆಟ್ಟಗೆ ಮಿಸ್ ಕುರ್ಚಿಯವರೆಗೂ ಜಾರಿಕೊಂಡು ಬಂದ. ಕೂತ ಮೇಲೆ ಅವನಿಗೆ ಎಲ್ಲಿಲ್ಲದ ಧೈರ್ಯ ಬಂತು. ಡಸ್ಟರಿನಿಂದ ಟಪಟಪ ಮೇಜು ಕುಟ್ಟಿದ.

"ಕಡ್ಡಿ, ನಿನ್ನ ಜಾಗದಲ್ಲಿ ಕೂತ್ಕೋ. ಗೋಲಿ, ನೀನು ಹೇಳು."

ಕಡ್ಡಿ ಹೋಗಿ ಎದುರು ಬೆಂಚಿನಲ್ಲಿ ಕೂತಳು.

"ಇದು ಕಡ್ಡಿ ಐಡಿಯಾ," ಎಂದು ಗೋಲಿ ಶುರುಮಾಡಿದಳು. "ಗ್ರೌಂಡಿನ ನಡುವೆ ಗೆರೆ ಎಳೆಯೋಣ. ಅರ್ಧ ಫುಟ್‌ಬಾಲಿಗೆ. ಇನ್ನರ್ಧದಲ್ಲಿ..."

ಬಾಲ್ ಗೆರೆ ದಾಟಿ ಈಚೆ ಬಂದರೆ? ಪ್ರಶ್ನೆ ಕಡ್ಡಿಯ ನಾಲಗೆಯ ತುದಿಗೆ ಬಂದೇಬಿಟ್ಟಿತು. ಒಳ್ಳೇ ಪ್ರಶ್ನೆ. ಕೇಳಲೇಬೇಕಾದ ಪ್ರಶ್ನೆ. ಅವಳು ಕೈ ಎತ್ತಲು ಹೋದವಳು ನಿಧಾನವಾಗಿ ಇಳಿಸಿ, ಎರಡೂ ಕೈಗಳನ್ನು ಡೆಸ್ಕಿನ ಮೇಲೆ ಇಟ್ಟುಕೊಂಡಳು.

ಗೋಲಿಯ ಮಾತು ಇನ್ನೂ ಮುಗಿದಿರಲಿಲ್ಲ.