ಹತ್ತು ನಿಮಿಷ ಮುಂದಿನ ಗಡಿಯಾರ

೧೯೮೬ರ ನವೆಂಬರ್ ೧೪, ಶುಕ್ರವಾರ ಸಂಜೆ. ಲೀಡ್ಸ್ ರೈಲು ನಿಲ್ದಾಣದ ಎದುರಿನ ‘ಲ್ಯಾಂಪ್‌ಮನ್’ ಪಬ್ಬಿನ ಹೊಸ ಮ್ಯಾನೇಜರ್ ಕ್ರೇಗ್ ಠಾಣೆಗೆ ಬಂದು ದೂರು ಕೊಟ್ಟ. ಪಬ್ಬಿನ ಗೋಡೆ ಗಡಿಯಾರ ಕಳುವಾಗಿತ್ತು.

ಇನ್‌ಸ್ಪೆಕ್ಟರ್ ಟ್ಯಾಟರ್ಸಾಲ್, ಕಾನ್‌ಸ್ಟೆಬಲ್ ನೋಲನ್ ಸ್ಥಳ ಮಹಜರು ನಡೆಸಿದರು. ಗಲ್ಲಾಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ಹಾಡಹಗಲಲ್ಲಿ, ಪಬ್ ಕಿಕ್ಕಿರಿದಿದ್ದಾಗಲೇ, ಯಾರೋ ಏಣಿ ಹಾಕಿ ಗಡಿಯಾರ ಇಳಿಸಿಕೊಂಡು ಹೋಗಿದ್ದರು.

“ಏಣಿ ಹಿಡಿದವರು ಯಾರು?” ಟ್ಯಾಟರ್ಸಾಲ್ ಕೇಳಿದರು.

“ನಾನು ನನ್ನ ಬೀರ್ ನೋಡ್ತಿದ್ದೆ ಸಾರ್,” ಎಂದ ಒಬ್ಬ ಗಿರಾಕಿ.

“ನಾನೂ ಅವನ ಬೀರೇ ನೋಡ್ತಿದ್ದೆ,” ಎಂದ ಪಕ್ಕದವನು.

ನೋಲನ್‌ಗೆ ನಗು ತಡೆಯಲಾಗಲಿಲ್ಲ. ಇಡೀ ಪಬ್ ಬಾಯಿಗೆ ಬೀಗ ಹಾಕಿಕೊಂಡಿದೆ ಎಂದರೆ ಕಳ್ಳ ಒಳಗಿನವನೇ ಎಂದು ಟ್ಯಾಟರ್ಸಾಲ್ ಲೆಕ್ಕ ಹಾಕಿದರು.

ಬೀರ್ ಸುರಿಯುತ್ತಿದ್ದ ಡೋರೀನ್ ಬಾಯಿಬಿಟ್ಟಳು. “ಅದು ಹತ್ತು ನಿಮಿಷ ಮುಂದೆ ಓಡೋ ಗಡಿಯಾರ ಸಾರ್. ಕುಡಿದವರಿಗೆ ರೈಲು ತಪ್ಪಬಾರದು ಅಂತ ನಮ್ಮಜ್ಜನ ಕಾಲದಿಂದ ಹಾಗೇ ಇತ್ತು. ಯುದ್ಧದಲ್ಲಿ ಬಾಂಬ್ ಬಿದ್ದಾಗ್ಲೂ ಯಾರೂ ಮುಟ್ಟಿರ್ಲಿಲ್ಲ. ಈ ಪುಣ್ಯಾತ್ಮ ಬಂದ ವಾರದಲ್ಲೇ ಸರಿಮಾಡಿಬಿಟ್ಟ.”

“ಗಡಿಯಾರ ಅಂದ್ಮೇಲೆ ಸರಿಯಾದ ಟೈಮ್ ತೋರಿಸ್ಬೇಕಲ್ವಾ?” ಕ್ರೇಗ್ ಸಿಡುಕಿದ.

“ಗಿರಾಕಿಗಳಿಗೆ ಹೇಳಿದ್ರಾ?” ಎಂದರು ಟ್ಯಾಟರ್ಸಾಲ್.

ಕ್ರೇಗ್ ಒರೆಸಿದ್ದ ಲೋಟವನ್ನೇ ಮತ್ತೆ ಒರೆಸತೊಡಗಿದ.

“ಆಮೇಲೆ ಬರೋದು ಬಿಟ್ಟವರು ಯಾರು?”

ಡೋರೀನ್‌ಳ ಕಣ್ಣು ಕಿಟಕಿ ಪಕ್ಕದ ಖಾಲಿ ಸ್ಟೂಲಿನ ಕಡೆ ಹೋಯಿತು. “ವಿಲ್ಫ್ ತಾತ ಒಳ್ಳೆಯವನು ಸಾರ್,” ಎಂದಳು ಮೆಲ್ಲಗೆ.

ಭಾನುವಾರ ಬೆಳಿಗ್ಗೆ ನಿವೃತ್ತ ದರ್ಜಿ ವಿಲ್ಫ್ ಹಾರ್ಗ್ರೀವ್ಸ್ ತಾನೇ ಪೊಲೀಸರಿಗೆ ಮನೆಯ ಬಾಗಿಲು ತೆರೆದ. ಗಡಿಯಾರ ಗೋಡೆಯ ಮೇಲಿತ್ತು. ಕೆಳಗೆ ಎರಡು ಕುರ್ಚಿ, ಒಂದರ ಮೇಲೆ ಹೆಂಗಸಿನ ಉಣ್ಣೆಯ ಸ್ವೆಟರ್.

“ಯಾಕೆ ತಂದ್ರಿ?”

“ನನ್ನ ಹೆಂಡ್ತಿ ಎಡಿತ್ ಸ್ಕಿಪ್ಟನ್ ಊರಿನ ಆಸ್ಪತ್ರೇಲಿದ್ಲು. ದಿನಾ ಮಧ್ಯಾಹ್ನ ರೈಲಲ್ಲಿ ಹೋಗ್ತಿದ್ದೆ. ಹೋಗೋ ಮುಂಚೆ ಅರ್ಧ ಲೋಟ ಬೀರ್. ಅವಳ ಮುಖ ನೋಡೋಕೆ ಧೈರ್ಯ ಬೇಕಿತ್ತಲ್ಲಪ್ಪ. ಆವತ್ತು ಗಡಿಯಾರ ನೋಡಿ, ಎಂದಿನ ಹಾಗೆ ಮುಂದಿದೆ ಅಂದ್ಕೊಂಡು, ಇನ್ನೂ ಹತ್ತು ನಿಮಿಷ ಇದೆ ಅಂತ ಕೂತೆ. ನಿಲ್ದಾಣಕ್ಕೆ ಓಡಿದ್ರೆ ಗಾಡಿ ಬಾಲ ಕಂಡಿತು.”

“ಮುಂದಿನ ಗಾಡಿ?”

“ಹೋದೆ. ‘ಈಗಷ್ಟೇ ಉಸಿರು ನಿಂತಿತು, ಕೊನೇವರೆಗೂ ಬಾಗಿಲನ್ನೇ ನೋಡ್ತಿದ್ರು’ ಅಂದ್ಲು ನರ್ಸು.”

ಟ್ಯಾಟರ್ಸಾಲ್ ಆ ಸ್ವೆಟರ್ ಕಡೆ ಒಮ್ಮೆ ನೋಡಿದರು. ಆದರೂ ಕಳ್ಳತನದ ಆರೋಪದ ಮೇಲೆ ಬಂಧಿಸುತ್ತಿರುವುದಾಗಿ ಹೇಳಲೇಬೇಕಾಯಿತು. ವಿಲ್ಫ್ ತಲೆಯಾಡಿಸಿ ಕೋಟು ಹಾಕಿಕೊಂಡ.

ನೋಲನ್ ತನ್ನ ಕೈಗಡಿಯಾರ ನೋಡಿಕೊಂಡ. ಗೋಡೆಯದು ಮತ್ತೆ ಹತ್ತು ನಿಮಿಷ ಮುಂದಿತ್ತು.

“ಹೊರಡೋಣ್ವಾ ತಾತ?”

ಮುದುಕ ಅಭ್ಯಾಸಬಲದಿಂದ ಗಡಿಯಾರದ ಕಡೆ ನೋಡಿದ. “ಕೂತ್ಕೊಳಪ್ಪ,” ಎಂದ, “ಇನ್ನೂ ಹತ್ತು ನಿಮಿಷ ಇದೆ.”

ಇನ್‌ಸ್ಪೆಕ್ಟರ್ ಟೋಪಿ ತೆಗೆದು ನಿಂತರು. ಹತ್ತು ನಿಮಿಷ ಯಾರೂ ಆ ಕುರ್ಚಿಗಳಲ್ಲಿ ಕೂರಲಿಲ್ಲ.