ಪೆನ್‌ಡ್ರೈವ್‌ಗೆ ಹೋದ ಬೂಟ್‌ಲೋಡರ್

ಮೆಂತ್ಯದ ಸೊಪ್ಪು ಅರ್ಧ ಸೋಸಿಯಾಗಿತ್ತಷ್ಟೇ. ಬಾಗಿಲಲ್ಲಿ ನಿಂತವನನ್ನು ಕಂಡು ಉಮಾಶ್ರೀಯ ಕೈ ನಿಂತುಹೋಯಿತು.

ಕಲ್ಲೇಶ!

ಎಂಟು ತಿಂಗಳ ಹಿಂದಿನವರೆಗೆ ಇತವಾರಿ ಪೇಟೆಯ ಬಟ್ಟೆ ಅಂಗಡಿಯಲ್ಲಿ ಅವಳ ಜೊತೆ ಕೆಲಸ ಮಾಡಿದವನು. ಬೈಸಿಕೊಂಡು, ತಲೆ ತಗ್ಗಿಸಿ ಹೋದವನು...

"ಒಳಗ ಬರ್ಲೇನ್ರೀ?"

"ಬರ್ರಿ... ಕುಂದರ್ರಿ."

ಕುಳಿತವನು ತಾನೂ ಒಂದು ಸಿವುಡು ಎಳೆದುಕೊಂಡು ಎಲೆ ಬಿಡಿಸತೊಡಗಿದ.

"ರಾಮದಾಸಪೇಠ್‌ದಾಗ ಒಂದು ದವಾಖಾನಿಯೊಳಗ ಕಂಪ್ಯೂಟರ್ ಕೆಲಸ ಸಿಗೂ ಹಂಗ ಐತಿ. ನಮ್ಮ ಅಂಗಡಿ ನೀಲಕಂಠಪ್ಪ ಸಾಹುಕಾರ್ರನ್ನ ವಿಚಾರಿಸ್ತಾರಂತ. ಅವ್ರು ಏನಂತಾರ ಗೊತ್ತಲ್ಲ?"

ಅವಳು ಮತ್ತೆ ಸೊಪ್ಪಿಗೆ ಕೈ ಹಾಕಿದಳು.

"ಅವತ್ತ ನಾ ಎಲ್ಲಿ ತಪ್ಪಿದೆ, ಬರೋಬರ್ ಹೇಳ್ರಿ. ಅಲ್ಲೂ ಅದನ್ನ ಮಾಡಬಾರದು."

ಅಯ್ಯೋ! ತಪ್ಪು ತನ್ನದೇ ಎಂದು ನಂಬಿದ್ದಾನಲ್ಲ!

ಅಂದು ಇಬ್ಬರೂ ಸೇರಿ ಅವನ ಪೆನ್‌ಡ್ರೈವ್‌ನಿಂದ ಅಂಗಡಿಯ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕುತ್ತಿದ್ದರು. ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ, ಬೂಟ್‌ಲೋಡರ್, ಯಾವುದಿರಬೇಕು ಎಂಬ ಮಾತು ಬಂತು. ಅವಳಿಗೆ ಹೊಸದರ ಮೇಲೆ ಕಣ್ಣು. "ಹಳೇದ ಇರ್ಲಿ, ಗ್ರಬ್ ಹಾಕ್ರಿ. ನಾಳೆ ಕೆಟ್ಟರ ನಾವ ಸರಿ ಮಾಡಬಹುದು" ಎಂದು ಹೇಳಿ ಕಲ್ಲೇಶ ಚಹಾ ತರಲು ಹೋದ.

ಗ್ರಬ್ಬನ್ನೇ ಆರಿಸಿದಳು. ಎಲ್ಲಿ ಹಾಕಲಿ ಎಂದು ಪರದೆ ಕೇಳಿತು. ಅವನನ್ನು ಕೇಳುವುದೇ? ತನಗೇನು ಗೊತ್ತಿಲ್ಲವೇ? ಮೊದಲು ಕಂಡ ಹೆಸರನ್ನೇ ಒತ್ತಿಬಿಟ್ಟಳು. ಅದು ಕಂಪ್ಯೂಟರಿನ ಡಿಸ್ಕಲ್ಲ, ಅವನ ಪೆನ್‌ಡ್ರೈವ್!

ಅದು ಸಿಕ್ಕಿಸಿರುವ ತನಕ ಎಲ್ಲ ಸರಿಯಿತ್ತು. ಸಂಜೆ ಅವನು ಅದನ್ನು ಕಿಸೆಗೆ ಹಾಕಿಕೊಂಡು ಹೋದ. ಮರುದಿನ ಬರೀ ಕಪ್ಪು ಪರದೆ. "ಕೆಡಿಸಿಟ್ಟಿಯಲ್ಲೋ!" ಎಂದು ಸಾಹುಕಾರರು ಅವನಿಗೆ ಯಂತ್ರ ಮುಟ್ಟಲೂ ಬಿಡದೆ ಕೆಲಸದಿಂದಲೇ ಕಳಿಸಿದರು. ಅವಳು ಗೋಡೆಯ ಹಾಗೆ ನಿಂತಿದ್ದಳು.

"ತಪ್ಪು ನಿಮ್ಮದಲ್ಲ... ಬೂಟ್‌ಲೋಡರ್ ನಿಮ್ಮ ಪೆನ್‌ಡ್ರೈವ್‌ಗ ಹಾಕಿದಾಕಿ ನಾನು."

ಅವನ ಬೆರಳುಗಳು ನಿಂತವು. "ಯಾವಾಗ ಗೊತ್ತಾತು?"

"ನಿಮ್ಮನ್ನ ಕಳಿಸಿದ ದಿನ ಸಂಜೀಕ, ಮತ್ತ ಹಾಕುವಾಗ."

"ಎಂಟು ತಿಂಗಳು ನನ್ನ ಕೈನ ನಾನ ನಂಬಲಿಲ್ಲ, ಉಮಾ."

ಬೈದಿದ್ದರೆ ಎಷ್ಟೋ ವಾಸಿಯಿತ್ತು! ಅವಳ ಮುಖ ಉರಿಯಿತು. ಕಣ್ಣೆತ್ತಲು ಆಗಲಿಲ್ಲ.

"ಸಾಹುಕಾರ್ರಿಗೆ ಅವತ್ತ ಫೋನಿನ್ಯಾಗ ಎಲ್ಲಾ ಬರದಿಟ್ಟೀನಿ. ಕಳಿಸೂ ಧೈರ್ಯ ಆಗಲಿಲ್ಲ. ನಿಮ್ಮ ಮುಂದ ಶಾಣ್ಯಾಕಿ ಅನಿಸ್ಕೋಬೇಕಿತ್ತು... ಯಾಕಂದ್ರ ನೀವಂದ್ರ ನನಗ ಜೀವ. ಜೀವ ಅನ್ನಾಕಿ ಹಿಂಗ ಮಾಡ್ತಾಳೇನು? ನೆನಸಿದ್ರ ನನ್ನ ಮಾರಿ ನನಗ ನೋಡಾಕ ಆಗೂದಿಲ್ಲ."

ಹೊರಗೆ ಟೆಂಪೊ ಒಂದು ಕೂಗಿಕೊಂಡು ಹೋಯಿತು. ಅವನು ಕೈಯಲ್ಲಿದ್ದ ದಂಟನ್ನು ಕೆಳಗಿಟ್ಟ.

"ಕಳಿಸಿದ್ರ ನಿಮ್ಮ ನೌಕರಿ?"

"ಹೋಗ್ಲಿ."

"ಜೀವದ ಮಾತೂ ಅದರಾಗ ಐತೇನು?"

"ಇಶ್ಶ! ಸಾಹುಕಾರ್ರಿಗೆ ಬರದದ್ದದು!"

ಅವನ ತುಟಿಯಂಚಿನಲ್ಲಿ ನಗು ಸುಳಿಯಿತು. "ಹಂಗಾದ್ರ ನನಗ ಬ್ಯಾರೆ ಬರೀರಿ. ಸಿಟ್ಟು ಇನ್ನೂ ಐತಿ, ಜಲ್ದಿ ಹೋಗಂಗಿಲ್ಲ."

"ಹೋಗೂತನಕ ಕಾಯ್ತೀನಿ."

"ನಾನೂ ಇಲ್ಲೇ ಕುಂದರ್ತೀನಿ. ಕಳಿಸ್ರಿ."

ಉಮಾಶ್ರೀ ಸೆರಗಿಗೆ ಕೈ ಒರೆಸಿಕೊಂಡು ಫೋನ್ ತೆಗೆದಳು. ಎಂಟು ತಿಂಗಳ ಹಿಂದಿನ ಆ ಪತ್ರವನ್ನು, ಒಂದಕ್ಷರವನ್ನೂ ತಿದ್ದದೆ, ಕಳುಹಿಸಿದಳು.